ಸಂಕಷ್ಟಿಯ ಊಟ ಎಷ್ಟು ಹೊತ್ತಿಗೆ?

ಮೊದಲೇ ಹೇಳಿಬಿಡುತ್ತೇನೆ, ನನಗೂ ಸಂಕಷ್ಟಿಗೂ ಯಾವ ಸಂಬಂಧವೂ ಇಲ್ಲ. ನನ್ನ ಹೆಸರು ಜೋಸೆಫ್, ಬಂಟ್ವಾಳದ ಕಡೆಯವನು, ಭಾನುವಾರ ತಪ್ಪದೆ ಇಗರ್ಜಿಗೆ ಹೋಗುವವನು. ಚೌತಿಯ ಚಂದ್ರ ಎಷ್ಟು ಹೊತ್ತಿಗೆ ಹುಟ್ಟಿದರೂ ನಮ್ಮ ಮನೆಯಲ್ಲಿ ಊಟ ಎಂಟಕ್ಕೆ. ಆದರೂ ಕಳೆದ ಒಂದು ವರ್ಷದಿಂದ ಡಬ್ಲಿನ್, ಕಾರ್ಕ್, ಗಾಲ್ವೇ, ಡನ್‌ಡಾಕ್ ಊರುಗಳಲ್ಲಿ ಚಂದ್ರ ಹುಟ್ಟುವ ಹೊತ್ತನ್ನು ತಿಂಗಳು ತಿಂಗಳೂ ಒಂದು ವೆಬ್‌ಸೈಟಿಗೆ ಏರಿಸುವ ಕೆಲಸ ನನ್ನದು. ಲೀಕ್ಸ್‌ಲಿಪ್‌ನ ಚಿಪ್ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಬಂದು ಇದನ್ನೂ ಮಾಡುತ್ತೇನೆ. ನನ್ನ ಹೆಂಡತಿ ರೆಶೆಲ್ ನಗುತ್ತಾಳೆ. ನಗಲಿ. ಪಕ್ಕದ ಮನೆಯ ವಿನೋದಿನಿ ಅಕ್ಕನಿಗೆ ಆಗುವುದಿಲ್ಲ ಎನ್ನುವ ಧೈರ್ಯ ಅವಳಿಗೂ ಇಲ್ಲ.

ವಿನೋದಿನಿ ಅಕ್ಕ ಹಾಸನದವರು, ಐವತ್ತನಾಲ್ಕು ವರ್ಷ. ಗಂಡ ಗೋಪಾಲಕೃಷ್ಣ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು. ಅಕ್ಕ ಡಬ್ಲಿನ್ನಿನ ಇನ್ನೊಂದು ಆಸ್ಪತ್ರೆಯಲ್ಲಿ ರೋಗಿಗಳ ರಕ್ತ ತೆಗೆಯುವ ಕೆಲಸದಲ್ಲಿದ್ದಾರೆ. ನಾವಿರುವ ಮೇನೂತ್‌ ಊರಿನಿಂದ ಬೆಳಗಿನ ಮೊದಲ ಟ್ರೈನ್ ಹಿಡಿದು ಹೋಗುತ್ತಾರೆ, ಹದಿನೇಳು ವರ್ಷದಿಂದ. ಒಂದೇ ಚುಚ್ಚಿಗೆ ನರ ಸಿಗಬೇಕು, ಎರಡನೆಯದಾದರೆ ಆ ದಿನವೆಲ್ಲ ಮುಖ ಗಂಟು. ಇನ್ನೊಂದು ಅಭ್ಯಾಸ, ಅದೇ ರೋಗಿಯನ್ನು ಬೆಳಿಗ್ಗೆ ನೋಡಿದ್ದರೂ ಮಧ್ಯಾಹ್ನ ಮತ್ತೆ ಹೆಸರು, ಹುಟ್ಟಿದ ತಾರೀಕು ಕೇಳುತ್ತಾರೆ. ರೋಗಿ ಬೈದರೂ ಕೇಳುತ್ತಾರೆ. ನಾನೊಮ್ಮೆ ಯಾಕೆಂದು ಕೇಳಿದ್ದಕ್ಕೆ, “ಫೈಲಲ್ಲಿ ಬರ್ದಿರೋದನ್ನ ನಂಬೋಕಾಗಲ್ಲ ಜೋಸೆಫ್. ಮನುಷ್ಯನ ಬಾಯಿಂದಾನೇ ಕೇಳ್ಬೇಕು,” ಅಂದರು.

ಇಷ್ಟೆಲ್ಲ ಶುರುವಾಗಿದ್ದು ಹೋದ ವರ್ಷದ ಏಪ್ರಿಲ್‌ನಲ್ಲಿ. ಲೀಕ್ಸ್‌ಲಿಪ್‌ನಲ್ಲಿರುವ ಸಿಂಧು ಎಂಬ ಹುಡುಗಿಯ ಮನೆಗೆ ದಾವಣಗೆರೆಯಿಂದ ಅವಳ ತಾಯಿ ಬಂದಿದ್ದರು. ಎಪ್ಪತ್ತೊಂದು ವರ್ಷ, ಸಕ್ಕರೆ ಕಾಯಿಲೆ, ದಿನಕ್ಕೆರಡು ಮಾತ್ರೆ. ಅವತ್ತು ಸಂಕಷ್ಟಿ. ಬೆಳಗಿನಿಂದ ಉಪವಾಸವಿದ್ದು, ಚಂದ್ರನನ್ನು ನೋಡಿ, ಅರ್ಘ್ಯ ಬಿಟ್ಟು ಆಮೇಲೆ ಊಟ ಮಾಡುವುದು ಪದ್ಧತಿ. ಸಿಂಧು ಫೋನಿನಲ್ಲಿ ಹುಡುಕಿದಳು. ಎಲ್ಲ ಲಿಂಕುಗಳ ಮೇಲೆ ಒಂದು ಚೌಕದೊಳಗೆ ದಪ್ಪ ಅಕ್ಷರದಲ್ಲಿ ಉತ್ತರ ಬಂತು: ಚಂದ್ರೋದಯ ರಾತ್ರಿ 9:58.

ಆ ಚೌಕದ ಪೆಟ್ಟಿಗೆ ನಿಮಗೂ ಗೊತ್ತು. ಏನು ಕೇಳಿದರೂ ಯಾರದೋ ಪುಟದಿಂದ ಎರಡು ಸಾಲು ಎತ್ತಿ ತಂದು ಮೇಲೆ ಕೂರಿಸುತ್ತದೆ. ನಮ್ಮ ಜನ ಅದರ ಕೆಳಗೆ ಬೆರಳು ಜಾರಿಸುವುದೇ ಇಲ್ಲ. ಯಾವ ಪುಟ, ಯಾವ ಊರಿನ ಲೆಕ್ಕ, ಒಂದನ್ನೂ ನೋಡುವುದಿಲ್ಲ. ಅವತ್ತಿನ 9:58 ಬೆಂಗಳೂರಿನ ಹೊತ್ತು. ಐರ್ಲೆಂಡಿನಲ್ಲಿ ಚಂದ್ರ ಹುಟ್ಟುವುದು ನಡುರಾತ್ರಿ ದಾಟಿದ ಮೇಲಿತ್ತು. ತಾಯಿ ಅರ್ಘ್ಯದ ಲೋಟ ಹಿಡಿದು ಹಿತ್ತಲಲ್ಲಿ ನಿಂತರು. ಚಂದ್ರ ಇಲ್ಲ. ಬೇರೆ ದೇಶವಾಗಿದ್ದರೆ ಯಾರಿಗಾದರೂ ಅನುಮಾನ ಬರುತ್ತಿತ್ತು. ಈ ದೇಶದಲ್ಲಿ ಆಕಾಶದಲ್ಲಿ ಏನು ಕಾಣದಿದ್ದರೂ ಮೋಡ ಅಂದುಕೊಂಡು ಸುಮ್ಮನಾಗುತ್ತೇವೆ. ಮೋಡದ ಹಿಂದೆ ಇದ್ದಾನೆ, ಇನ್ನೇನು ಸರಿಯುತ್ತದೆ ಎಂದು ಅಮ್ಮನೂ ಮಗಳೂ ಕಾದರು. ಹತ್ತೂವರೆಗೆ ಅಮ್ಮ ಅಲ್ಲೇ ಕುಸಿದರು. ಮಾತ್ರೆ ನುಂಗಿ ಹೊಟ್ಟೆಗೆ ಏನೂ ಹಾಕದೆ ಸಕ್ಕರೆ ಪಾತಾಳಕ್ಕೆ ಇಳಿದಿತ್ತು, ಬಿದ್ದ ಹೊಡೆತಕ್ಕೆ ಸೊಂಟದ ಮೂಳೆ ಮುರಿದಿತ್ತು.

ಮರುದಿನ ಬೆಳಿಗ್ಗೆ ಅವರ ರಕ್ತ ತೆಗೆಯಲು ಹೋದವರು ವಿನೋದಿನಿ ಅಕ್ಕ. ಹೆಸರು ಕೇಳಿದರು, ಹುಟ್ಟಿದ ತಾರೀಕು ಕೇಳಿದರು. ಕನ್ನಡ ಕೇಳಿಸಿದ್ದೇ ತಡ, ಆ ತಾಯಿ ಕೈ ಹಿಡಿದುಕೊಂಡು, “ಚಂದ್ರ ಬಂದ್ನೇನಮ್ಮ?” ಎಂದು ಕೇಳಿದರಂತೆ.

ಅವತ್ತು ಸಂಜೆ ಅಕ್ಕ ಟ್ರೈನಿಳಿದು ನೇರ ನಮ್ಮ ಮನೆಗೆ ಬಂದರು. ಕೋಟು ಬಿಚ್ಚಲಿಲ್ಲ. ಫೋನನ್ನು ನನ್ನ ಮುಂದೆ ಹಿಡಿದು, “ಜೋಸೆಫ್, ಈ ಪೆಟ್ಟಿಗೆಯೊಳಗೆ ಸರಿಯಾದ ಉತ್ರ ಕೂರ್ಬೇಕು. ಹೇಗೆ ಕೂರ್ಸೋದು?” ಅಂದರು.

ನನಗೆ ವೆಬ್‌ಸೈಟ್ ಮಾಡಲು ಬರುತ್ತದೆ, ನಮ್ಮ ಇಗರ್ಜಿಯದನ್ನು ನಾನೇ ಮಾಡಿದ್ದು. ಪೆಟ್ಟಿಗೆಯ ವಿಷಯ ಬರುತ್ತಿರಲಿಲ್ಲ. ಬರುವುದಿಲ್ಲ ಎಂದು ಹೇಳಿದ್ದರೆ ಚೆನ್ನಾಗಿತ್ತು. ಈ ದೇಶದವರು ಎಲ್ಲದಕ್ಕೂ ಸರಿ ಎನ್ನುವ ಹಾಗೆ, “ಗ್ರ್ಯಾಂಡ್ ಅಕ್ಕ, ಮಾಡೋಣ,” ಅಂದೆ.

ಪುಟ ಒಂದು ವಾರದಲ್ಲಿ ಎದ್ದಿತು. ಹೊತ್ತುಗಳನ್ನು ಖಗೋಳದ ಪಟ್ಟಿಗಳಿಂದ ಅಕ್ಕನೇ ತೆಗೆದು, ಎರಡು ಪಟ್ಟಿ ಹೋಲಿಸಿ, ಕಾಗದದಲ್ಲಿ ಬರೆದು ಕೊಡುತ್ತಿದ್ದರು. ಕನ್ನಡದಲ್ಲಿ ಒಂದು ಪುಟ, ಇಂಗ್ಲಿಷಿನಲ್ಲಿ ಒಂದು. ಪೆಟ್ಟಿಗೆಗೆ ಮಾತ್ರ ನಮ್ಮ ಪರಿವೆಯೇ ಇರಲಿಲ್ಲ. ಆಗ ಶುರುವಾಯಿತು ನೋಡಿ, ಬುದ್ಧಿವಂತರ ಮೆರವಣಿಗೆ.

ಪೆಟ್ಟಿಗೆ ದುಡ್ಡು ಕೊಟ್ಟವರಿಗೆ ಮಾತ್ರ ಎಂದು ಕನ್ನಡ ಕೂಟದಲ್ಲಿ ಅರ್ಧ ಜನ ಹೇಳಿದರು. ಎಷ್ಟು, ಯಾರಿಗೆ ಎಂದು ಅಕ್ಕ ಕೇಳಿದರೆ ಒಬ್ಬರಿಗೂ ಗೊತ್ತಿಲ್ಲ. ವಿಚಾರಿಸಿದೆವು. ಜಾಹೀರಾತಿನ ಜಾಗ ಬೇರೆ, ಅದನ್ನು ಕೊಳ್ಳಬಹುದು. ಈ ಪೆಟ್ಟಿಗೆಯನ್ನು ಮಾರುವುದೇ ಇಲ್ಲ. ಇಷ್ಟು ಸಣ್ಣ ಸತ್ಯವನ್ನು ಹೇಳಿದ ಮೇಲೂ ಆ ಅರ್ಧ ಜನ ನಂಬಲಿಲ್ಲ, ಈಗಲೂ ನಂಬಿಲ್ಲ. ಉಳಿದ ಅರ್ಧ ಜನ ದೊಡ್ಡ ಕಂಪನಿಗಳಿಗಷ್ಟೇ ಅದು ಸಿಗುವುದು, ನಿಮಗೆಲ್ಲಿ ಎಂದರು. ಹಿತ್ತಲ ಗಿಡ ಮದ್ದಲ್ಲವಲ್ಲ.

ಇನ್ನು ಅಶ್ವಿನ್. ಮೇನೂತ್‌ನಲ್ಲಿ ಓದಿ, ಈಗ ಡಬ್ಲಿನ್ನಿನಲ್ಲಿ ವೆಬ್‌ಸೈಟುಗಳನ್ನು ಸರ್ಚಿನಲ್ಲಿ ಮೇಲೆ ತರುವ ಕೆಲಸದಲ್ಲಿದ್ದಾನೆ. ಒಳ್ಳೆಯ ಹುಡುಗ, ನನ್ನನ್ನು ಅಂಕಲ್ ಎನ್ನುತ್ತಾನೆ ಎಂಬುದೊಂದು ಬಿಟ್ಟರೆ. ಅವನು ಕೂತು ಕಾಫಿ ಕುಡಿಯುತ್ತಾ ಹೇಳಿದ: “ಅಂಕಲ್, ಮೊದ್ಲು ಲಿಸ್ಟಲ್ಲಿ ನಂಬರ್ ಒನ್ ಆಗ್ಬೇಕು. ಅದಿಲ್ದೆ ಬಾಕ್ಸ್ ಸಿಗಲ್ಲ. ಪೇಜ್ ಉದ್ದ ಇರ್ಬೇಕು, ಎರಡು ಸಾವಿರ ಪದ ಮಿನಿಮಮ್. ಪ್ರಶ್ನೆನ ಮತ್ತೆ ಮತ್ತೆ ಹಾಕ್ಬೇಕು. ಆಮೇಲೆ ಒಂದು ಸ್ಪೆಷಲ್ ಕೋಡ್ ಇರುತ್ತೆ, ಅದನ್ನ ಸೇರ್ಸಿದ್ರೆ ಆಯ್ತು.”

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ನಾನು. ಎಲ್ಲವನ್ನೂ ಮಾಡಿದೆ. ಕೋಡ್ ಸೇರಿಸಿದೆ. ಗಣೇಶನ ಹುಟ್ಟು, ಇಲಿಯ ಕತೆ, ಮೋದಕ ಮಾಡುವ ವಿಧಾನ, ಐರ್ಲೆಂಡಿನ ಹವಾಮಾನ, ಎಲ್ಲ ತುರುಕಿ ಪುಟವನ್ನು ಹಿಗ್ಗಿಸಿದೆ. ಸಂಕಷ್ಟಿಯಂದು ಐರ್ಲೆಂಡಿನಲ್ಲಿ ಚಂದ್ರೋದಯ ಎಷ್ಟು ಹೊತ್ತಿಗೆ ಎಂಬ ಪ್ರಶ್ನೆಯನ್ನು ಇಪ್ಪತ್ತಾರು ಸಲ ಹಾಕಿದೆ. ಒಬ್ಬ ಕ್ರಿಸ್ತುವ ಗಣೇಶನ ಮೇಲೆ ಅಷ್ಟೊಂದು ಬರೆದದ್ದು ಅದೇ ಮೊದಲಿರಬೇಕು. ಮೊದಲು ಎಂಟನೆಯ ಸಾಲಿನಲ್ಲಿದ್ದ ನಮ್ಮ ಪುಟ ಇಪ್ಪತ್ತೊಂದನೆಯದಕ್ಕೆ ಜಾರಿತು.

ಆಗಸ್ಟ್‌ನಲ್ಲಿ ಅಕ್ಕ ಅದನ್ನು ಓದಿದರು. ಪೂರ್ತಿ ಓದಿ ಕನ್ನಡಕ ತೆಗೆದಿಟ್ಟರು.

“ಇದ್ರಲ್ಲಿ ಚಂದ್ರ ಎಲ್ಲಿ ಹುಟ್ತಾನೆ ಜೋಸೆಫ್?”

“ಕೆಳಗಿದೆ ಅಕ್ಕ. ಮೋದಕ ಆದ್ಮೇಲೆ.”

“ಹಸ್ಕೊಂಡು ಕೂತಿರೋರಿಗೆ ಮೋದಕ ಮಾಡೋದು ಹೇಳ್ತೀಯಲ್ಲ, ನಿಂಗೆ ನಾಚ್ಕೆ ಆಗಲ್ವಾ?”

ನಾಚಿಕೆಯಾಯಿತು. ನಿಜಕ್ಕೂ ಆಯಿತು. ಅವತ್ತೇ ಕೂತು ಎಲ್ಲ ಕಿತ್ತು ಹಾಕಿದೆವು. ಮೇಲೆ ಪ್ರಶ್ನೆ, ಕೆಳಗೆ ಎರಡು ಸಾಲು ಉತ್ತರ, ಅದರ ಕೆಳಗೆ ಊರುಗಳ ಪಟ್ಟಿ. ಅಷ್ಟೇ. ಉತ್ತರದ ಮೊದಲ ಸಾಲಿನಲ್ಲಿ ಚಂದ್ರೋದಯದ ಹೊತ್ತು. ಎರಡನೆಯ ಸಾಲು ಅಕ್ಕನದು: ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಚಂದ್ರನಿಗಾಗಿ ಕಾಯಬೇಡಿ, ಊಟ ಮಾಡಿ. ನವೆಂಬರಿನ ಸಂಕಷ್ಟಿಗೆ, ನಾನು ಮರೆತೇ ಬಿಟ್ಟಿದ್ದಾಗ, ಪೆಟ್ಟಿಗೆಯಲ್ಲಿ ನಮ್ಮ ಪುಟ ಬಂತು. ಆ ತಿಂಗಳು ಈ ದೇಶದಲ್ಲಿ ಚಂದ್ರ ಏಳಕ್ಕೆ ಮೊದಲೇ ಬಂದಿರುತ್ತಾನೆ, ನಮ್ಮವರು ಬೆಂಗಳೂರಿನ ಎಂಟು ಗಂಟೆ ನೋಡಿಕೊಂಡು ಹಸಿದು ಕೂತಿರುತ್ತಾರೆ. ಅವತ್ತು ಕೂರಲಿಲ್ಲ. ಲಿಂಕುಗಳ ಪಟ್ಟಿಯಲ್ಲಿ ನಾವಿದ್ದದ್ದು ನಾಲ್ಕನೆಯ ಸ್ಥಾನದಲ್ಲಿ. ನಂಬರ್ ಒನ್ ಆಗದೆ ಸಿಗುವುದಿಲ್ಲ ಎಂದ ಅಶ್ವಿನ್‌ಗೆ ಫೋಟೋ ತೆಗೆದು ಕಳಿಸಿದೆ. ಅವನು ಹೆಬ್ಬೆರಳಿನ ಚಿತ್ರ ಕಳಿಸಿದ.

ನಾನು ರೆಶೆಲ್ ಕೈಲಿ ಕೇಕ್ ಮಾಡಿಸಿದೆ. ಪೆಟ್ಟಿಗೆ ಸಿಕ್ಕಿತು, ಇನ್ನು ನಮ್ಮದೇ ಎಂದುಕೊಂಡೆ. ಅದೂ ಸುಳ್ಳು. ಆ ಜಾಗ ಯಾರಿಗೂ ಬರೆದುಕೊಟ್ಟ ಆಸ್ತಿಯಲ್ಲ. ಫೆಬ್ರವರಿಯಲ್ಲಿ ಒಂದು ದೊಡ್ಡ ಜ್ಯೋತಿಷ್ಯದ ವೆಬ್‌ಸೈಟು ಇನ್ನೂರು ಊರುಗಳಿಗೆ ಇನ್ನೂರು ಪುಟ ಎಬ್ಬಿಸಿತು. ಪೆಟ್ಟಿಗೆ ಅವರಿಗೆ ಹೋಯಿತು. ಡಬ್ಲಿನ್‌ ಹೊತ್ತು ಸರಿಯಾಗಿಯೇ ಇತ್ತು, ಅದನ್ನು ಒಪ್ಪುತ್ತೇನೆ. ಮೊದಲ ಸಾಲಷ್ಟೇ ಇತ್ತು. ಅಕ್ಕನ ಎರಡನೆಯ ಸಾಲು ಇರಲಿಲ್ಲ.

ನನಗೆ ಆಗ ಸಮಾಧಾನವೇ ಆಯಿತು, ಸುಳ್ಳು ಹೇಳುವುದಿಲ್ಲ. ಹೊತ್ತು ಸರಿ ಇದೆ, ಇನ್ನೇನು ಬೇಕು ಎಂದೆ. ಅಕ್ಕ ಕ್ಯಾಲೆಂಡರ್ ತಿರುವಿ ಏಪ್ರಿಲ್ ತೋರಿಸಿದರು. ಸಂಕಷ್ಟಿಯ ಚಂದ್ರೋದಯ ರಾತ್ರಿ 12:47.

“ಸರಿಯಾದ ಹೊತ್ತು ಗೊತ್ತಾದ್ರೆ ಏನ್ಮಾಡ್ತಾರೆ? ಸರಿಯಾಗಿ ಹನ್ನೆರಡು ನಲವತ್ತೇಳರ ತನಕ ಕಾಯ್ತಾರೆ. ತಪ್ಪು ಹೊತ್ತು ನಂಬಿ ಹತ್ತೂವರೆಗೆ ಬಿದ್ರು ಒಬ್ರು. ಸರಿ ಹೊತ್ತು ನಂಬಿ ಎಷ್ಟು ಜನ ಬೀಳ್ಬೇಕು?”

ನನ್ನ ಸಮಾಧಾನ ಅಲ್ಲಿಗೆ ಮುಗಿಯಿತು. ಏಪ್ರಿಲ್‌ನ ಸಂಕಷ್ಟಿಯೊಳಗೆ ಆ ಪೆಟ್ಟಿಗೆಯಲ್ಲಿ ಕಾಯಬೇಡಿ ಎಂಬ ಮಾತು ಬರಬೇಕು. ಹೊತ್ತು ಬಂದರೆ ಸಾಲದು, ಆ ಮಾತೇ ಬರಬೇಕು. ಏಳು ವಾರ ಉಳಿದಿತ್ತು.

ಮತ್ತೆ ಅಶ್ವಿನ್‌ನನ್ನು ಕರೆದೆವು. ಅವನು ಎರಡೂ ಪುಟ ನೋಡಿ ತಲೆಯಾಡಿಸಿದ. “ಆಂಟಿ, ಪ್ರಾಬ್ಲಮ್ ನಿಮ್ ಎರಡನೇ ಲೈನು. ಬಾಕ್ಸ್‌ಗೆ ಒಂದು ಫ್ಯಾಕ್ಟ್ ಬೇಕು, ಅಡ್ವೈಸ್ ಬೇಡ. ಟೈಮ್ ಮಾತ್ರ ಇಡಿ. ಆ ಲೈನ್ ಬೇಕಂದ್ರೆ ಪೇಜಿನ ಕೆಳಗಡೆ ಹಾಕಿ.”

“ಕೆಳಗಡೆ ಯಾರು ಓದ್ತಾರೆ?”

“ಬಾಕ್ಸ್ ನೋಡಿ ಕ್ಲಿಕ್ ಮಾಡಿ ಬಂದವ್ರು ಓದ್ತಾರೆ. ನಿಜ ಹೇಳ್ಬೇಕು ಅಂದ್ರೆ ಪೂರ್ತಿ ಉತ್ತರ ಬಾಕ್ಸಲ್ಲೇ ಕೊಟ್ಬಿಟ್ರೆ ನಿಮ್ ಪೇಜಿಗೆ ಯಾರೂ ಬರಲ್ಲ ಆಂಟಿ. ಸ್ವಲ್ಪ ಉಳಿಸ್ಕೋಬೇಕು. ಎಲ್ಲರೂ ಹಾಗೇ ಮಾಡೋದು.”

“ಬರೋದು ಬೇಡ,” ಅಂದರು ಅಕ್ಕ. “ನನ್ ಪೇಜಿಗೆ ಯಾರೂ ಬರೋದು ಬೇಡ ಅಶ್ವಿನ್. ಅಲ್ಲೇ ಓದ್ಲಿ, ಫೋನ್ ಕೆಳಗಿಡ್ಲಿ, ಎದ್ದು ಹೋಗಿ ಊಟ ಮಾಡ್ಲಿ. ನಂಗಿನ್ನೇನ್ ಬೇಕು?”

ಹುಡುಗ ನನ್ನ ಕಡೆ ನೋಡಿದ. ಅವನ ಎಂಟು ವರ್ಷದ ವೃತ್ತಿಯಲ್ಲಿ ಇಂಥ ಗಿರಾಕಿ ಸಿಕ್ಕಿರಲಿಲ್ಲ. ನಾನು ಅವನ ಲೋಟಕ್ಕೆ ಇನ್ನಷ್ಟು ಕಾಫಿ ಹಾಕಿದೆ.

ಎರಡನೆಯ ಅಡ್ಡಗಾಲು ಯುಗಾದಿಯ ಕೂಟದಲ್ಲಿ ಬಂತು. ಮೇನೂತ್‌ನ ಹಾಲ್‌ನಲ್ಲಿ ಇನ್ನೂರು ಜನ. ಅಲ್ಲಿ ಪೂಜೆ ಮಾಡಿಸುವವನು ಶ್ರೀನಿಧಿ. ವಾರವೆಲ್ಲ ನನ್ನದೇ ಕಾರ್ಖಾನೆಯಲ್ಲಿ ಇಂಜಿನಿಯರ್, ಶನಿವಾರ ಭಾನುವಾರ ಪಂಚೆ ಉಟ್ಟು ಪುರೋಹಿತ. ನಲವತ್ತು ವರ್ಷ ಆಗಿದ್ದಿರಬಹುದು. ಮಂತ್ರ ಸ್ಪಷ್ಟ, ದಕ್ಷಿಣೆಗೆ ಕೈ ಚಾಚುವವನಲ್ಲ, ಮನೆಮನೆಯಲ್ಲಿ ಅವನ ಮಾತಿಗೆ ಬೆಲೆಯಿದೆ. ಬೇವು ಬೆಲ್ಲ ಹಂಚಿದ ಮೇಲೆ ಅವನು ಅಕ್ಕನ ಹತ್ತಿರ ಬಂದ.

“ಮೇಡಂ, ಆ ಕಾಯಬೇಡಿ ಅನ್ನೋ ಸಾಲು ತೆಗೆದುಬಿಡಿ. ವ್ರತ ಯಾರು ಹೇಗೆ ಮಾಡ್ಬೇಕು ಅಂತ ಫೋನಲ್ಲಿ ಹೇಳೋದಲ್ಲ.”

“ಕಾಯಿಲೆಯವ್ರಿಗೆ, ವಯಸ್ಸಾದವ್ರಿಗೆ ಉಪವಾಸದಿಂದ ವಿನಾಯ್ತಿ ಇದೆ ಅಂತ ಶಾಸ್ತ್ರದಲ್ಲೇ ಇದೆ ಅಲ್ವಾ?”

“ಇದೆ. ಆದ್ರೆ ಅದು ಕೇಳಿದವ್ರಿಗೆ ಹೇಳೋ ಮಾತು. ಊರಿಗೆಲ್ಲ ಸಾರಿದ್ರೆ ನಾಳೆ ಗಟ್ಟಿಮುಟ್ಟಾಗಿರೋರೂ ಅದನ್ನೇ ನೆಪ ಮಾಡ್ಕೊಂಡು ಏಳು ಗಂಟೆಗೆ ಊಟ ಮಾಡ್ತಾರೆ.”

“ಮಾಡ್ಲಿ ಬಿಡಿ. ಗಟ್ಟಿಮುಟ್ಟಾಗಿರೋರು ಏಳಕ್ಕೆ ಉಂಡ್ರೆ ಗಣಪತಿ ಏನೂ ಬಡವಾಗಲ್ಲ. ಕಾಯಿಲೆಯವ್ರು ಕಾದ್ರೆ ನಾನು ಬೆಳಿಗ್ಗೆ ಸೂಜಿ ಹಿಡ್ಕೊಂಡು ಅವ್ರ ಹಾಸಿಗೆ ಹತ್ರ ನಿಲ್ಬೇಕು. ನೀವು ಬರ್ತೀರಾ ಅಲ್ಲಿಗೆ?”

ಶ್ರೀನಿಧಿಯ ಕಿವಿ ಕೆಂಪಾಯಿತು. ಆ ಸಾಲು ಇರುವ ತನಕ ನಿಮ್ಮ ಲಿಂಕನ್ನು ಕೂಟದ ಗ್ರೂಪಿನಲ್ಲಿ ಹಂಚುವುದಿಲ್ಲ ಎಂದ. ಅಕ್ಕ ಹಂಚಬೇಡಿ ಎಂದರು. ಅದಾದ ಮೇಲೆ ಅವರು ಮಾಡಿದ್ದು ನೋಡಿ. ಚೀಲದಿಂದ ಪುಸ್ತಕ, ಪೆನ್ನು ತೆಗೆದು ಊಟದ ಸಾಲಿಗೆ ಹೋದರು. ಎಲೆ ಹಾಕಿ ಕೂತ ಒಬ್ಬೊಬ್ಬರ ಮುಂದೆಯೂ ಬಗ್ಗಿ ಒಂದೇ ಪ್ರಶ್ನೆ: “ಸಂಕಷ್ಟಿ ದಿನ ಫೋನನ್ನ ಏನಂತ ಕೇಳ್ತೀರಾ? ಒಂದಕ್ಷರ ಬಿಡ್ದೆ ಹೇಳಿ.”

ರೋಗಿಗಳ ಹೆಸರು ಕೇಳುವ ದನಿಯಲ್ಲೇ ಕೇಳಿದರು. ಹೋಳಿಗೆ ಬಾಯಲ್ಲಿದ್ದವರನ್ನೂ ಬಿಡಲಿಲ್ಲ. ನಲವತ್ತಮೂರು ಜನರ ಉತ್ತರ ಬರೆದುಕೊಂಡರು. ಬೇಕಾದರೆ ಸಿಟ್ಟು ಮಾಡಿಕೊಳ್ಳಿ, ಆದರೆ ಇದನ್ನು ಅಶ್ವಿನ್‌ನಂಥ ಪಂಡಿತರೂ ಮಾಡಿರಲಿಲ್ಲ, ನಾನೂ ಮಾಡಿರಲಿಲ್ಲ, ಆ ಇನ್ನೂರು ಊರಿನ ವೆಬ್‌ಸೈಟಿನವರಂತೂ ಮಾಡಿರಲು ಸಾಧ್ಯವೇ ಇಲ್ಲ. ನಾವೆಲ್ಲ ಪೆಟ್ಟಿಗೆಯ ಮನಸ್ಸಿನಲ್ಲೇನಿದೆ ಎಂದು ಕವಡೆ ಹಾಕುತ್ತಿದ್ದೆವು. ಕೇಳುವವರ ಮನಸ್ಸಿನಲ್ಲೇನಿದೆ ಎಂದು ಯಾರೂ ವಿಚಾರಿಸಿರಲಿಲ್ಲ.

ಮನೆಗೆ ಬಂದು ಇಬ್ಬರೂ ಆ ಪುಸ್ತಕ ನೋಡಿದೆವು. ಹುಡುಗ ಹುಡುಗಿಯರೆಲ್ಲ ಇಂಗ್ಲಿಷಿನಲ್ಲಿ ಚಂದ್ರೋದಯದ ಹೊತ್ತು ಟೈಪ್ ಮಾಡುತ್ತಿದ್ದರು. ಅರವತ್ತು ದಾಟಿದವರು ಹದಿನೆಂಟು ಜನ. ಅವರು ಟೈಪ್ ಮಾಡುವವರಲ್ಲ, ಫೋನನ್ನು ಬಾಯಿಯ ಹತ್ತಿರ ಹಿಡಿದು ಕನ್ನಡದಲ್ಲಿ ಕೇಳುವವರು. ಅವರಲ್ಲಿ ಹದಿನಾಲ್ಕು ಜನರ ಪ್ರಶ್ನೆಯಲ್ಲಿ ಚಂದ್ರನೇ ಇರಲಿಲ್ಲ. ‘ಇವತ್ತು ಸಂಕಷ್ಟಿ ಊಟ ಎಷ್ಟೊತ್ತಿಗೆ’, ‘ಊಟ ಯಾವಾಗ ಮಾಡ್ಬೋದು’. ಹಸಿದವರು ಕೇಳುವುದು ಊಟವನ್ನೇ ಅಲ್ಲವೇ? ನನ್ನ ಇಪ್ಪತ್ತಾರು ಚಂದ್ರೋದಯಗಳು ಅವರ ಕಿವಿಗೇ ಬಿದ್ದಿರಲಿಲ್ಲ.

“ಅಶ್ವಿನ್ ಫ್ಯಾಕ್ಟ್ ಬೇಕು ಅಂದ. ತಗೋ ಫ್ಯಾಕ್ಟು,” ಎಂದರು ಅಕ್ಕ. “ಊಟ ಎಷ್ಟೊತ್ತಿಗೆ ಅಂತ ಕೇಳ್ತಿದಾರೆ. ಮಾತ್ರೆ ತಗೊಳ್ಳೋರಿಗೆ ಅದ್ರ ಉತ್ರ ಹನ್ನೆರಡು ನಲವತ್ತೇಳು ಅಲ್ಲ. ಕಾಯದೆ ಊಟ ಮಾಡಿ ಅನ್ನೋದೇ ಉತ್ರ. ಅಡ್ವೈಸ್ ಅಲ್ಲ ಅದು.”

“ಆದ್ರೂ ಅಕ್ಕ, ಅದು ಮೊದಲ ಸಾಲನ್ನ ಮಾತ್ರ ಎತ್ಕೊಂಡು ಎರಡನೇದನ್ನ ಬಿಟ್ರೆ?”

“ಎರಡನೇ ಸಾಲೇ ಬೇಡ. ಒಂದೇ ಸಾಲಲ್ಲಿ ಬರಿ. ಕಾಯ್ಬೇಡಿ ಅನ್ನೋದು ಮುಂದೆ, ಚಂದ್ರ ಹಿಂದೆ. ಕತ್ತರಿಸ್ತೀನಿ ಅಂದ್ರೂ ಆಗ್ಬಾರ್ದು.”

ಬರೆದೆವು. ಅಕ್ಕ ಹನ್ನೊಂದು ಸಲ ತಿದ್ದಿಸಿದರು. ಕೊನೆಗೆ ನಿಂತದ್ದು ಇದು. ಮೇಲೆ ಪ್ರಶ್ನೆ: ಐರ್ಲೆಂಡಿನಲ್ಲಿ ಇವತ್ತು ಸಂಕಷ್ಟಿ ಊಟ ಎಷ್ಟು ಹೊತ್ತಿಗೆ? ಕೆಳಗೆ ಉತ್ತರ: ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಚಂದ್ರನಿಗೆ ಕಾಯದೆ ದಿನನಿತ್ಯದ ಹೊತ್ತಿಗೆ ಸರಿಯಾಗಿ ಊಟ ಮಾಡಬೇಕು, ಏಕೆಂದರೆ ಡಬ್ಲಿನ್‌ನಲ್ಲಿ ಇವತ್ತು ಚಂದ್ರ ಹುಟ್ಟುವುದೇ ರಾತ್ರಿ 12:47ಕ್ಕೆ.

ಅಶ್ವಿನ್‌ಗೆ ತೋರಿಸಿದೆ. ಉತ್ತರ ಹೊತ್ತಿನಿಂದಲೇ ಶುರುವಾಗಬೇಕಿತ್ತು, ಪದಗಳೂ ಲೆಕ್ಕಕ್ಕೆ ಸರಿಯಾಗಿಲ್ಲ, ಇದು ನಡೆಯುವುದಿಲ್ಲ ಎಂದ. ಪುಟವನ್ನು ಹಾಗೇ ಏರಿಸಿದೆ.

ಒಂದು ವಾರ ಏನೂ ಇಲ್ಲ. ಎರಡು ವಾರ ಏನೂ ಇಲ್ಲ. ಕಾರ್ಖಾನೆಯಲ್ಲಿ ಊಟದ ವಿರಾಮಕ್ಕೆ ಹೋದಾಗಲೆಲ್ಲ ಫೋನು ತೆಗೆದು, ಮೂಲೆಗೆ ಹೋಗಿ, ಇವತ್ತು ಸಂಕಷ್ಟಿ ಊಟ ಎಷ್ಟೊತ್ತಿಗೆ ಎಂದು ಕೇಳುತ್ತಿದ್ದೆ. ಜತೆಯವರು ನನಗೆ ಧರ್ಮ ಬದಲಾಯಿಸುವ ಆಲೋಚನೆ ಬಂದಿದೆ ಎಂದುಕೊಂಡಿರಬೇಕು. ಪ್ರತಿ ಸಲವೂ ಮೇಲೆ ಆ ಇನ್ನೂರು ಊರಿನವರೇ. ನನಗೆ ಭಯವಾಗತೊಡಗಿತು. ಸಂಜೆ ಅಕ್ಕನ ಮನೆಗೆ ಹೋಗಿ, ಒಂದು ತಿಂಗಳ ಮಟ್ಟಿಗೆ ಅಶ್ವಿನ್ ಹೇಳಿದ ಹಾಗೆ ಮಾಡೋಣ, ಹೊತ್ತನ್ನು ಮುಂದೆ ಹಾಕೋಣ, ಪೆಟ್ಟಿಗೆಯಾದರೂ ಸಿಗಲಿ ಎಂದು ಬೇಡಿಕೊಂಡೆ.

“ಪೆಟ್ಟಿಗೆ ಸಿಕ್ಕಿ ಏನಾಗ್ಬೇಕು ಜೋಸೆಫ್? ನಮ್ ಹೆಸರು ಮೇಲ್ ಬರೋಕಾ ಇದು?” ಅಂದರು ಅಕ್ಕ. “ಆ ಮಾತಿಲ್ದೆ ಪೆಟ್ಟಿಗೆ ಬಂದ್ರೆ ನಾವೂ ಆ ಇನ್ನೂರು ಊರಿನವ್ರ ಹಾಗೇನೇ. ಅದಕ್ಕಿಂತ ಬರ್ದೇ ಇರೋದೇ ವಾಸಿ. ನಾನು ನಲವತ್ತಮೂರು ಜನಕ್ಕೂ ಫೋನ್ ಮಾಡಿ ಹೇಳ್ತೀನಿ.”

ಮಾಡಿದರು ಕೂಡ. ದಿನಕ್ಕೆ ನಾಲ್ಕೈದು ಜನರಂತೆ, ಟ್ರೈನಿನಲ್ಲಿ ಕೂತು. ನಾನು ಸೋತು ಮನೆಗೆ ಹೋದೆ.

ಸಂಕಷ್ಟಿಯ ಹಿಂದಿನ ದಿನ ಮಧ್ಯಾಹ್ನ ಫೋನನ್ನು ಕೇಳಿದಾಗ ಅದು ಹೆಣ್ಣು ದನಿಯಲ್ಲಿ, ಯಂತ್ರದ ಕನ್ನಡದಲ್ಲಿ ಓದತೊಡಗಿತು: ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಚಂದ್ರನಿಗೆ ಕಾಯದೆ… ಪೂರ್ತಿ ಓದಿತು. ಒಂದು ಪದವನ್ನೂ ಕತ್ತರಿಸಿರಲಿಲ್ಲ. ಇಂಗ್ಲಿಷಿನಲ್ಲಿ ಚಂದ್ರೋದಯ ಕೇಳಿದರೆ ಈಗಲೂ ಆ ಇನ್ನೂರು ಊರಿನವರೇ ಮೇಲೆ. ಕನ್ನಡದಲ್ಲಿ ಊಟ ಕೇಳಿದರೆ ಅಕ್ಕ. ಯಾಕೆ ಬಂತು, ಹೇಗೆ ಬಂತು, ಇನ್ನೆಷ್ಟು ದಿನ ಇರುತ್ತದೆ, ನನಗೆ ಗೊತ್ತಿಲ್ಲ. ಕೇಳಿದ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಟ್ಟಿದ್ದೆವು ಎಂಬುದಷ್ಟೇ ಗೊತ್ತು. ಖಂಡಿತ ಪೆಟ್ಟಿಗೆ ಕೊಡಿಸುತ್ತೇನೆ ಎಂದು ಯಾರಾದರೂ ಬಂದರೆ ಬಾಗಿಲಿಂದಲೇ ಕಳಿಸಿ.

ಸಂಕಷ್ಟಿಯ ಸಂಜೆ ನಾನು ಅಕ್ಕನ ಅಡುಗೆಮನೆಯಲ್ಲೇ ಇದ್ದೆ. ಏಳೂಕಾಲು, ಹೊರಗೆ ಇನ್ನೂ ಬೆಳಕಿತ್ತು. ಅಕ್ಕ ಹುಳಿಗೆ ಒಗ್ಗರಣೆ ಹಾಕುತ್ತಿದ್ದಾಗ ಫೋನು ಬಂತು, ಶ್ರೀನಿಧಿಯದು. ಕೈ ಬಿಡುವಿಲ್ಲವೆಂದು ನನ್ನಿಂದ ಸ್ಪೀಕರ್ ಹಾಕಿಸಿದರು.

“ಮೇಡಂ, ನಿಮ್ ಸಾಲು ಮೇಲೆ ಬಂದಿದೆ.”

“ಗೊತ್ತು. ತೆಗೆಯಲ್ಲ. ಅದಕ್ಕೇ ಫೋನ್ ಮಾಡಿದ್ರೆ ಇಟ್ಬಿಡಿ.”

“ಅದಕ್ಕಲ್ಲ,” ಎಂದ ಶ್ರೀನಿಧಿ. ಪೂಜೆಯಲ್ಲಿ ಇನ್ನೂರು ಜನರಿಗೆ ಕೇಳಿಸುವ ದನಿ ಈಗ ನನಗೇ ಸರಿಯಾಗಿ ಕೇಳಿಸುತ್ತಿರಲಿಲ್ಲ. “ನಮ್ಮಮ್ಮ ಇಲ್ಲೇ ನನ್ ಜೊತೆ ಇರೋದು. ಆರು ವರ್ಷದಿಂದ ಇನ್ಸುಲಿನ್. ಒಂದು ಸಂಕಷ್ಟಿನೂ ಬಿಟ್ಟಿಲ್ಲ. ಈಗ ಅವ್ರೇ ಫೋನನ್ನ ಕೇಳಿದ್ರು. ಅದು ಓದ್ತು. ಸುಮ್ನೆ ಎದ್ದು ತಟ್ಟೆ ಹಾಕ್ಕೊಂಡು ಕೂತ್ರು.”

ಅಕ್ಕ ಒಲೆ ಆರಿಸಿದರು.

“ಶಾಸ್ತ್ರದಲ್ಲಿ ವಿನಾಯ್ತಿ ಇದೆಯೇನೋ ಅಂತ ನನ್ನ ಕೇಳಿದ್ರು. ಇದೆ ಅಮ್ಮ ಅಂದೆ. ಅದಕ್ಕವ್ರು, ಹಾಗಾದ್ರೆ ಆರು ವರ್ಷ ನಾನು ತಲೆ ಸುತ್ತಿ ಗೋಡೆ ಹಿಡ್ಕೊಂಡು ನಿಂತಿದ್ನಲ್ಲ, ನೀನ್ಯಾಕೋ ಒಂದು ಸಲನೂ ಹೇಳ್ಲಿಲ್ಲ ಅಂದ್ರು ಮೇಡಂ. ಈಗ ನಾನೇನ್ ಹೇಳ್ಲಿ?”

ಅಕ್ಕ ಬೈಯುತ್ತಾರೆ ಎಂದುಕೊಂಡೆ. ಬೈಯಬೇಕೆಂದು ನನಗಂತೂ ಆಸೆಯಿತ್ತು.

“ಅದನ್ನ ಆಮೇಲೆ ಯೋಚ್ನೆ ಮಾಡಿ,” ಎಂದರು ಅಕ್ಕ. “ಈಗ ಫೋನಿಡಿ. ಅವ್ರು ಒಬ್ರೇ ಉಣ್ತಿದಾರೆ, ಹೋಗಿ ಬಡ್ಸಿ.”